ಹೈ ಅಲರ್ಟ್ ಖರ್ಚು ಯಾರ ಲೆಕ್ಕಕ್ಕೆ?

ಆಂತರಿಕ ಭದ್ರತೆ ಓದುವಾಗ ಎರಡು ದಿನ ಇದೊಂದೇ ವಿಷಯ ನನ್ನನ್ನು ಕಾಡಿತು. ಎಚ್ಚರಿಕೆ ಕೊಡುವುದು ಕೇಂದ್ರ. ಬಂದೋಬಸ್ತಿಗೆ ನಿಲ್ಲುವುದು ಊರಿನ ಪೊಲೀಸರು. ಹಾಗಾದರೆ ದುಡ್ಡು ಯಾರದ್ದು? ಈಗ ತಲೆಗೆ ಹೋಗಿದೆ. ಮರೆಯುವ ಮೊದಲೇ ಬರೆದಿಡುತ್ತೇನೆ.

ಉದಾಹರಣೆ ಅಮೆರಿಕದ್ದು. 2002ರ ಮಾರ್ಚ್‌ನಲ್ಲಿ ಅಲ್ಲಿ ಐದು ಬಣ್ಣಗಳ ಎಚ್ಚರಿಕೆ ಪದ್ಧತಿ ಬಂತು: ಹಸಿರು, ನೀಲಿ, ಹಳದಿ, ಕಿತ್ತಳೆ, ಕೆಂಪು. 2003ರ ಡಿಸೆಂಬರ್ 21ರಿಂದ 2004ರ ಜನವರಿ 9ರವರೆಗೆ ದೇಶವಿಡೀ ಕಿತ್ತಳೆ, ಅಂದರೆ ಹೈ ಅಲರ್ಟ್. ಕಾವಲು ಕೆಲಸ ಹೆಚ್ಚಿತು, ಓಟಿ (ಪಾಳಿ ಮೀರಿದ ಹೆಚ್ಚುವರಿ ಕೆಲಸ) ಬಿಲ್ ಬೆಳೆಯಿತು. ಇಂಥ ಖರ್ಚಿನ ಒಂದು ಪಾಲನ್ನು ಕೇಂದ್ರದ ಅನುದಾನದಿಂದ, ರಾಜ್ಯಗಳ ಮೂಲಕ, ವಾಪಸ್ ಪಡೆಯಲು ದಾರಿ ಇತ್ತು.

ನಾನು ಎಡವಿದ್ದು ಇಲ್ಲಿ. ಅಲರ್ಟ್ ಡ್ಯೂಟಿ ಮಾಡಿದವರ ಸಂಬಳ ಪೂರ್ತಿ ವಾಪಸ್ ಬರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಅಲರ್ಟ್ ಇಲ್ಲದಿದ್ದರೂ ಆಗುತ್ತಿದ್ದ ಖರ್ಚು ಲೆಕ್ಕಕ್ಕಿಲ್ಲ. ಅಲರ್ಟ್‌ನಿಂದಲೇ ಹೆಚ್ಚಾದದ್ದು ಮಾತ್ರ ಬರುತ್ತದೆ.

ಅದೇ ನಿಯಮ ಉಡುಪಿಯ ಮಲ್ಪೆ ಬಂದರಿಗೂ ಇದೆ ಎಂದು ಸುಮ್ನೆ ಇಟ್ಟುಕೊಳ್ಳಿ. ಒಬ್ಬ ಕಾನ್‌ಸ್ಟೆಬಲ್‌ಗೆ 8 ಗಂಟೆ ಡ್ಯೂಟಿ, ಗಂಟೆಗೆ 200 ರೂಪಾಯಿ, ಓಟಿಗೆ 300. ಅಲರ್ಟ್ ದಿನ ಬೆಳಿಗ್ಗೆ 6ಕ್ಕೆ ಬಂದವರು ಸಂಜೆ 6ಕ್ಕೆ ಹೋದರು. ಒಟ್ಟು 1,600 ಮತ್ತು 1,200, ಅಂದರೆ 2,800. ಕ್ಲೇಮ್ ಆಗುವುದು, ಅಂದರೆ ವಾಪಸ್ ಕೇಳಬಹುದಾದದ್ದು, 1,200 ಮಾತ್ರ.

ಇನ್ನೊಂದು ಸುತ್ತು ನೋಡಿ. ಉಡುಪಿ ಪೇಟೆಯ ಕಲ್ಸಂಕದಲ್ಲಿ ಟ್ರಾಫಿಕ್ ನೋಡುತ್ತಿದ್ದವರನ್ನು ಮಲ್ಪೆಗೆ ಕಳಿಸಿದರು. ಅಲ್ಲೂ ಅವರು 8 ಗಂಟೆಯೇ ನಿಂತರು. ಕ್ಲೇಮ್ ಸೊನ್ನೆ! ಆದರೆ ಕಲ್ಸಂಕವನ್ನು ಖಾಲಿ ಬಿಡಲು ಆಗಲ್ಲ, ಅಲ್ವಾ? ಪಾಳಿ ಮುಗಿಸಿದ ಇನ್ನೊಬ್ಬರನ್ನು 8 ಗಂಟೆ ಓಟಿಗೆ ಉಳಿಸಿಕೊಂಡರು. ಆ 2,400 ಪೂರ್ತಿ ಕ್ಲೇಮ್ ಆಗುತ್ತದೆ. ಬಂದರಿನಲ್ಲಿ ನಿಂತವರ ಹೆಸರಲ್ಲಿ ಏನೂ ಇಲ್ಲ, ಬಂದರಿಗೆ ಕಾಲಿಡದವರ ಹೆಸರಲ್ಲಿ ದುಡ್ಡು! ಹೀಗೆ ಖಾಲಿಯಾದ ಜಾಗಕ್ಕೆ ಇನ್ನೊಬ್ಬರನ್ನು ನಿಲ್ಲಿಸುವುದಕ್ಕೆ ಬ್ಯಾಕ್‌ಫಿಲ್ ಅನ್ನುತ್ತಾರೆ. ನಾನು ಮೂರು ಸಲ ತಪ್ಪು ಮಾಡಿದ್ದು ಇದರಲ್ಲೇ. ಈಗ ಬಿಲ್‌ನ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕುತ್ತೇನೆ: ಅಲರ್ಟ್ ಇಲ್ಲದಿದ್ದರೂ ಈ ರೂಪಾಯಿ ಹೋಗುತ್ತಿತ್ತಾ? ಹೋಗುತ್ತಿತ್ತು ಎಂದರೆ ಸಾಲು ಹೊಡೆದುಹಾಕಿ.

ಮರುಪಾವತಿ ಅಂದರೆ ಮೊದಲು ಕೈಯಿಂದ ಹಾಕಬೇಕು. ದೊಡ್ಡ ನಗರ ತಡೆದುಕೊಳ್ಳುತ್ತದೆ, ಸಣ್ಣ ಊರಿಗೆ ಕಷ್ಟ. ಸ್ವಲ್ಪವಾದರೂ ಮುಂಗಡ ಕೊಡುವುದೇ ನ್ಯಾಯ ಎಂದು ನನಗನಿಸುತ್ತದೆ. ಮೇಲಾಗಿ ರಿಜಿಸ್ಟರ್‌ನಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಯದಿದ್ದರೆ ಓಟಿಯನ್ನು ತೋರಿಸುವುದಾದರೂ ಹೇಗೆ?

ನಮ್ಮಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. ನಕ್ಸಲ್ ಪೀಡಿತ ಜಿಲ್ಲೆಗಳಿಗಿರುವ ಎಸ್‌ಆರ್‌ಇ (ಭದ್ರತಾ ಸಂಬಂಧಿ ವೆಚ್ಚ) ಯೋಜನೆ ಮರುಪಾವತಿಯ ಜಾತಿಗೆ ಸೇರುತ್ತದೆ. ಕರಾವಳಿ ಭದ್ರತಾ ಯೋಜನೆ ಹಾಗಲ್ಲ. ಅದರ ಮೊದಲ ಹಂತ 2005-06ರಲ್ಲಿ, ಎರಡನೆಯದು 2011ರಲ್ಲಿ ಶುರುವಾಯಿತು. ಅದರಲ್ಲಿ ಠಾಣೆ ಕಟ್ಟಡ, ಗಸ್ತು ದೋಣಿ, ವಾಹನಕ್ಕೆ ಕೇಂದ್ರದ ನೆರವು ಸಿಗುತ್ತಿತ್ತು. ದೋಣಿಯಲ್ಲಿ ಕೂತು ಗಸ್ತು ತಿರುಗುವವರ ಸಂಬಳ ಮಾತ್ರ ರಾಜ್ಯದ್ದೇ.