ನಲವತ್ತು ದಾಟಿದ ಮೇಲೆ ಹೊಸ ಭಾಷೆ ಬರುತ್ತಾ?

ಪ್ರಶ್ನೆ: ನನಗೆ 42 ವರ್ಷ. ಹೊಸ ಭಾಷೆಯೊಂದನ್ನು ಕಲಿಯುವ ಆಸೆ. ಆದರೆ ಭಾಷೆ ಮಕ್ಕಳಿಗೆ ಮಾತ್ರ ಸಲೀಸು, ದೊಡ್ಡವರ ತಲೆಗೆ ಹತ್ತುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ವಯಸ್ಸಾದಂತೆ ಇಡೀ ಭಾಷೆ ಕಷ್ಟವಾಗುವುದಿಲ್ಲ, ಅದರ ಕೆಲವು ಭಾಗ ಮಾತ್ರ ಕಷ್ಟವಾಗುತ್ತದೆ.

ಮೊದಲು ಕೈತಪ್ಪುವುದು ಧ್ವನಿ. ಅದೂ ನಾವು ಊಹಿಸುವುದಕ್ಕಿಂತ ಎಷ್ಟೋ ಬೇಗ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮಾತಾಡುವ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಧ್ವನಿಗಳನ್ನು ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳಲ್ಲಿ ಬಹಳಷ್ಟು ವ್ಯತ್ಯಾಸ ಹಿಡಿದವು. 10ರಿಂದ 12 ತಿಂಗಳಿನವುಗಳಲ್ಲಿ ಹಿಡಿದವು ತೀರಾ ಕಡಿಮೆ. 1984ರಲ್ಲಿ ಬಂದ ಅಧ್ಯಯನ ಇದು. ಕನ್ನಡದವರಿಗೆ ತ, ಟ ಬೇರೆ ಅನ್ನೋದು ಹೇಳಿಕೊಡಬೇಕಾದ ವಿಷಯವೇ ಅಲ್ಲ, ಅಲ್ವಾ? ಇಂಗ್ಲಿಷಿಗೆ ಆ ವ್ಯತ್ಯಾಸ ಬೇಡ. ಹಾಗಾಗಿ ಆ ಕೂಸುಗಳ ಮಿದುಳು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಕಿವಿಯಲ್ಲಿ ದೋಷವೇನೂ ಇಲ್ಲ. ದೊಡ್ಡವರಾದ ಮೇಲೆ ಕಲಿತ ಭಾಷೆಯಲ್ಲಿ ತಾಯ್ನುಡಿಯ ಉಚ್ಚಾರ ಇಣುಕುವುದಕ್ಕೆ ಇದೂ ಒಂದು ಕಾರಣ.

ವ್ಯಾಕರಣ ಇನ್ನೂ ಬಹಳ ಕಾಲ ಕೈಯಲ್ಲಿರುತ್ತದೆ. ಆನ್‌ಲೈನ್ ಪರೀಕ್ಷೆ ಬರೆದ ಸುಮಾರು 6 ಲಕ್ಷ 70 ಸಾವಿರ ಜನರ ಉತ್ತರಗಳನ್ನು ನೋಡಿದ 2018ರ ಅಧ್ಯಯನವೊಂದು, ವ್ಯಾಕರಣ ಕಲಿಯುವ ಸಾಮರ್ಥ್ಯ 17ನೇ ವಯಸ್ಸಿನ ಆಸುಪಾಸಿನವರೆಗೆ ಕುಗ್ಗುವುದಿಲ್ಲ ಎಂದಿತು. ಆ ಲೆಕ್ಕದ ಬಗ್ಗೆ ಸಂಶೋಧಕರಲ್ಲಿ ತಕರಾರು ಇದೆ. ಪದಗಳ ವಿಷಯದಲ್ಲಂತೂ ಚಿಂತೆಯೇ ಬೇಡ, ಮುಪ್ಪಿನಲ್ಲೂ ಹೊಸ ಪದ ಕಲಿಯುತ್ತಲೇ ಇರುತ್ತೇವೆ.

ಇನ್ನು ವೇಗ. ಇಲ್ಲಿ ಮಕ್ಕಳೇ ಹಿಂದೆ! ನೆದರ್‌ಲ್ಯಾಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರ ಮೇಲೆ 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಮುಂದಿದ್ದವರು ಹದಿಹರೆಯದವರು ಮತ್ತು ದೊಡ್ಡವರು. 3ರಿಂದ 5 ವರ್ಷದ ಮಕ್ಕಳು ಎಲ್ಲರಿಗಿಂತ ಹಿಂದಿದ್ದರು. ವರ್ಷಗಟ್ಟಲೆ ದಿನವಿಡೀ ಅದೇ ಭಾಷೆಯಲ್ಲಿ ಮುಳುಗಿರುವುದರಿಂದ ಮಕ್ಕಳು ಕೊನೆಗೆ ಮುಂದೆ ಹೋಗುತ್ತಾರೆ. ನಮ್ಮ ಹೋಲಿಕೆಯೂ ಸರಿಯಿಲ್ಲ ಅನ್ನಿ. ಮಗು ನಾಲ್ಕು ಪದ ಆಡಿದರೆ ಚಪ್ಪಾಳೆ ಹೊಡೆಯುತ್ತೇವೆ, ದೊಡ್ಡವರು ನಾಲ್ಕೇ ಪದ ಆಡಿದರೆ ಭಾಷೆ ಬರಲ್ಲ ಎನ್ನುತ್ತೇವೆ.

ವಯಸ್ಸು ನಿಜವಾಗಿ ಕಾಡುವುದು ಮೊದಲ ಭಾಷೆಯಲ್ಲಿ. ಕಿವಿ ಕೇಳದ ಎಷ್ಟೋ ಮಕ್ಕಳಿಗೆ ಸನ್ನೆ ಭಾಷೆ ತಡವಾಗಿ ಸಿಗುತ್ತದೆ. ಅಮೆರಿಕನ್ ಸನ್ನೆ ಭಾಷೆ ಬಳಸುವವರನ್ನು ಎಲಿಸಾ ನ್ಯೂಪೋರ್ಟ್ ಪರೀಕ್ಷಿಸಿದಾಗ, 12 ದಾಟಿದ ಮೇಲೆ ಅದನ್ನು ಕಲಿತವರು ಹುಟ್ಟಿನಿಂದ ಬಳಸಿದವರಿಗಿಂತ ಹಿಂದಿದ್ದರು. ಕ್ರಿಯಾಪದಗಳ ರೂಪದಂಥ ಸೂಕ್ಷ್ಮಗಳಲ್ಲಿ ಎಡವುತ್ತಿದ್ದರು, ಅದೂ 30 ವರ್ಷ ದಿನವೂ ಬಳಸಿದ ಮೇಲೆ! ಆದ್ದರಿಂದ ಕೇಳದ ಮಗುವಿಗೆ ಸನ್ನೆ ಭಾಷೆ ಕಲಿಸುವುದನ್ನು ಮುಂದೂಡಬಾರದು. ನಿಮಗಾದರೋ ಈಗಾಗಲೇ ಒಂದು ಭಾಷೆ ಗಟ್ಟಿಯಾಗಿದೆ. ಎರಡನೆಯದು ಅದರ ಮೇಲೇ ನಿಲ್ಲುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನನ್ನ ಕೇಳಿದರೆ, ಕಿವಿಯಿಂದ. ಇಂಗ್ಲಿಷಿನ ರ ಮತ್ತು ಲ ಧ್ವನಿಗಳು ಒಂದೇ ಥರ ಕೇಳಿಸುತ್ತಿದ್ದ ಜಪಾನಿ ಭಾಷಿಕರಿಗೆ ಹಲವು ಜನರ ದನಿಯಲ್ಲಿ ಅವನ್ನು ಕೇಳಿಸಿ, ಅವರ ಉತ್ತರ ಸರಿಯೋ ತಪ್ಪೋ ಕೂಡಲೇ ಹೇಳುತ್ತಾ ಹೋದಾಗ ಗುರುತಿಸುವ ಶಕ್ತಿ ಹೆಚ್ಚಿತು. ನೀವೂ ಒಬ್ಬರೇ ಶಿಕ್ಷಕರ ದನಿಗೆ ಅಂಟಿಕೊಳ್ಳಬೇಡಿ. ಗಂಡಸರು, ಹೆಂಗಸರು, ಮಕ್ಕಳು, ವಯಸ್ಸಾದವರು, ಹೀಗೆ ಆದಷ್ಟು ಜಾಸ್ತಿ ಜನರ ಮಾತು ಕೇಳಿ.