ಪ್ರೇಕ್ಷಕರನ್ನು ಎಲ್ಲಿ ನಿಲ್ಲಿಸುತ್ತೀರಿ?

ಕಬಡ್ಡಿಯಲ್ಲಿ ದಾಳಿಗೆ ಹೋದವರ ಬಾಯಲ್ಲಿ ‘ಕಬಡ್ಡಿ ಕಬಡ್ಡಿ’ ಬಿಡದೆ ನಡೆಯಬೇಕು, ಅದು ಅಂಪೈರ್ ಕಿವಿಗೆ ಬೀಳಬೇಕು. ಖೋಖೋದಲ್ಲೂ ಅಷ್ಟೇ. ಕೂತವರ ಬೆನ್ನು ಮುಟ್ಟಿ ‘ಖೋ’ ಅಂದದ್ದು ಸ್ಪಷ್ಟವಾಗಿ ಕೇಳಿಸಬೇಕು. ನಮ್ಮ ಮಣ್ಣಿನ ಈ ಎರಡು ಆಟಗಳಲ್ಲೂ ಬಾಯಿಂದ ಹೊರಟ ಸದ್ದಿಗೇ ತೀರ್ಪು. ಶಾಲಾ ಪಂದ್ಯಗಳಲ್ಲಿ ನೋಡುಗರ ಕೂಗಾಟವನ್ನು ಬರೀ ಶಿಸ್ತಿನ ವಿಷಯ ಅಂದುಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹೋದ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ದಕ್ಷಿಣ ಭಾಗದ ಒಂದು ಹೈಸ್ಕೂಲಿನಲ್ಲಿ ಹುಡುಗಿಯರ ಕಬಡ್ಡಿಗೆ ನಾನು ಅಂಪೈರ್. ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಶಾಲೆಯ ಅಂಗಳ ಅದಕ್ಕಿಂತ ಸ್ವಲ್ಪವೇ ದೊಡ್ಡದು. ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಮೇಷ್ಟ್ರುಗಳ ಸ್ಕೂಟರುಗಳು. ಉಳಿದ ಜಾಗದಲ್ಲಿ ಇನ್ನೂರು ಮಕ್ಕಳು, ಜೊತೆಗೆ ಪೋಷಕರು. ಎಲ್ಲರ ಕಾಲ್ಬೆರಳೂ ಲಾಬಿಯ, ಅಂದರೆ ಅಂಕಣದ ಎರಡು ಪಕ್ಕದ ಪಟ್ಟಿಯ, ಗೆರೆ ಮೇಲೆ.

ಆಟ ಮುಗಿಯಲು ಮೂರು ನಿಮಿಷ ಇತ್ತು. ಹೊರಗಿನಿಂದ ಬಂದಿದ್ದ ಶಾಲೆಯ ಹುಡುಗಿ ದಾಳಿಗೆ ಹೋದಳು. ಆತಿಥೇಯ ಶಾಲೆಯ ಮಕ್ಕಳು ‘ಹಿಡಿ, ಹಿಡಿ’ ಅಂತ ಒಂದೇ ಸಮನೆ ಕೂಗಿದರು. ನಾಲ್ಕು ಹೆಜ್ಜೆ ದೂರದಲ್ಲಿದ್ದ ನನಗೆ ಅವಳ ತುಟಿ ಅಲ್ಲಾಡುವುದು ಕಂಡಿತು, ದನಿ ಕೇಳಲಿಲ್ಲ. ವಾಪಸ್ ಕಳಿಸಿ ಎದುರು ತಂಡಕ್ಕೆ ದಾಳಿ ಕೊಟ್ಟೆ. ‘ಸಾರ್, ಹೇಳ್ತಾನೇ ಇದ್ದೆ ಸಾರ್’ ಅಂದಳು. ಅವಳು ಸುಳ್ಳು ಹೇಳುತ್ತಿಲ್ಲ ಅಂತ ನನಗೆ ಗೊತ್ತಿತ್ತು. ಎರಡು ಪಾಯಿಂಟ್‌ನಲ್ಲಿ ಅವರು ಸೋತರು. ಮೊದಲ ಸೀಟಿ ಊದುವ ಮುಂಚೆಯೇ ನಾನು ಆ ಗುಂಪನ್ನು ಹಿಂದೆ ಸರಿಸಬೇಕಿತ್ತು. ಸರಿಸಲು ಜಾಗವಿಲ್ಲ ಅಂತಾದರೆ ಅಲ್ಲಿ ಆಡಿಸಲು ಒಪ್ಪಲೇಬಾರದಿತ್ತು.

ಅಂದಿನಿಂದ ನನ್ನ ಮಾತು ಒಂದೇ: ನೋಡುವವರ ನಡವಳಿಕೆಯನ್ನು ಮೈದಾನ ಅರ್ಧ ತೀರ್ಮಾನಿಸುತ್ತದೆ. ಗೆರೆ ಮೇಲೆ ನಿಂತವನಿಗೆ ತಾನೂ ಆಡುತ್ತಿದ್ದೇನೆ ಅನ್ನಿಸುತ್ತದೆ. ಕೈ ಚಾಚುತ್ತಾನೆ, ಎದುರಾಳಿ ಮಗುವಿನ ಕಿವಿಯಲ್ಲೇ ಬೈಯುತ್ತಾನೆ. ಅದೇ ಮನುಷ್ಯನನ್ನು ಮೂರು ಮೀಟರ್ ಹಿಂದೆ, ನೆರಳಲ್ಲಿ, ಬೆಂಚಿನ ಮೇಲೆ ಕೂರಿಸಿ ನೋಡಿ. ವಾಲಿಬಾಲ್ ಇದನ್ನು ನಿಯಮದಲ್ಲೇ ಬರೆದಿಟ್ಟಿದೆ. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ ಇದ್ದರೆ ಸುತ್ತ ಕನಿಷ್ಠ 3 ಮೀಟರ್ ಖಾಲಿ ಇರಲೇಬೇಕು. ನಾವು ಅಂಗಳ ಎಷ್ಟಿದೆಯೋ ಅಷ್ಟಕ್ಕೂ ಅಂಕಣ ಎಳೆದು, ಜನ ಎಲ್ಲಾದರೂ ನಿಂತುಕೊಳ್ಳಲಿ ಅನ್ನುತ್ತೇವೆ.

ಬೆಂಗಳೂರಿನಲ್ಲಿ ಜಾಗ ಎಲ್ಲಿದೆ ಅಂತ ಹೆಡ್‌ಮಾಸ್ಟರುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು ಅಂತಿದ್ದರೂ, ಮೂರಂತಸ್ತಿನ ಕಟ್ಟಡ, ಮುಂದೆ ಇಂಟರ್‌ಲಾಕ್ ಟೈಲ್ಸ್ ಹಾಸಿದ ಅಂಗಳ ಇಷ್ಟೇ ಇರುವ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಟೈಲ್ಸ್ ಮೇಲೆ ಕಬಡ್ಡಿ ಆಡಿಸಲೇಬೇಡಿ, ಮಕ್ಕಳ ಮಂಡಿ ಹೋಗುತ್ತದೆ. ಪಾಲಿಕೆ ಮೈದಾನವನ್ನು ವಾರದ ದಿನ ಬೆಳಿಗ್ಗೆ ಕೇಳಿ ಪಡೆಯಿರಿ. ಶನಿವಾರ, ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್‌ನವರು ಬಿಡುವುದಿಲ್ಲ.

ಮೈದಾನ ಸಿಕ್ಕಿದರೆ ಉಳಿದದ್ದಕ್ಕೆ ದೊಡ್ಡ ಖರ್ಚಿಲ್ಲ. ಎಂಟು ಗೂಟ, ಒಂದು ಉದ್ದನೆಯ ಹಗ್ಗ. ಗೆರೆಗೆ ಸುಣ್ಣ ಬಳಸಬೇಡಿ, ಬಿದ್ದ ಮಗುವಿನ ಕಣ್ಣಿಗೆ ಹೋದರೆ ಕಣ್ಣೇ ಸುಡುತ್ತದೆ; ಚಾಕ್ ಪುಡಿ ಸಾಕು. ಎರಡೂ ಶಾಲೆಯ ಮಕ್ಕಳನ್ನು ಎದುರುಬದುರು ಕೂರಿಸಬೇಡಿ, ಕೂಗಿಗೆ ಕೂಗು ಏರುತ್ತಾ ಹೋಗುತ್ತದೆ. ಒಂದೇ ಬದಿಯಲ್ಲಿ ಬೆರೆಸಿ ಕೂರಿಸಿ. ಮಳೆ ಬಂದು ಪಿ.ಟಿ. ಪೀರಿಯಡ್ ಕ್ಲಾಸಿನೊಳಗೆ ನಡೆಯುವ ದಿನ ಬೋರ್ಡಿನ ಮೇಲೆ ಅಂಕಣ ಬರೆದು ಬೋನಸ್ ಗೆರೆ ಯಾವುದು, ಲಾಬಿ ಯಾವಾಗ ಆಟಕ್ಕೆ ಸೇರುತ್ತದೆ ಅಂತ ಎಲ್ಲರಿಗೂ ಹೇಳಿಕೊಡಿ, ತಂಡದಲ್ಲಿ ಇಲ್ಲದವರಿಗೂ. ನಿಯಮ ಬಲ್ಲ ಮಗು ಎದುರಾಳಿಯ ಒಳ್ಳೆಯ ಹಿಡಿತಕ್ಕೂ ಚಪ್ಪಾಳೆ ತಟ್ಟುತ್ತದೆ. ಯಾಕೆಂದರೆ ಅದು ಒಳ್ಳೆಯ ಹಿಡಿತ ಅಂತ ಅದಕ್ಕೆ ಕಾಣುತ್ತದೆ.

ಪೋಷಕರ ಹತ್ತಿರ ಮಾತಾಡುವ ಕೆಲಸ ಅಂಪೈರ್‌ದಲ್ಲ, ಆತಿಥೇಯ ಶಾಲೆಯ ಮೇಷ್ಟ್ರುದು. ಆಟದ ಮೊದಲೇ ಎರಡು ನಿಮಿಷ ಹೇಳಿಬಿಡಬೇಕು: ನಿಮ್ಮ ಮಗುವಿನ ಹೆಸರು ಕೂಗಿ, ಎದುರು ತಂಡದ ಮಗುವಿನ ಬಣ್ಣ, ಮೈಕಟ್ಟು, ಬರಿಗಾಲಿನ ಬಗ್ಗೆ ಒಂದು ಮಾತೂ ಆಡಬೇಡಿ, ಆಡಿದರೆ ಆಟ ನಿಲ್ಲುತ್ತದೆ. ಹೇಳಿದ ಮೇಲೆ ನಿಲ್ಲಿಸಲೂ ಬೇಕು. ನಾನು ಎರಡು ಸಲ ನಿಲ್ಲಿಸಿದ್ದೇನೆ. ಎರಡೂ ಸಲ ಪಕ್ಕದಲ್ಲಿದ್ದ ಪೋಷಕರೇ ಅಂಥವರನ್ನು ಸುಮ್ಮನಾಗಿಸಿದರು.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಹೊರಗಿನ ತಂಡದ ಹುಡುಗಿಯರು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ನಾಲ್ಕರವರೆಗೂ ಇರುತ್ತಾರೆ. ಎಷ್ಟೋ ಕಡೆ ಶೌಚಾಲಯಕ್ಕೆ ಬೀಗ, ಕೀಲಿ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ನೀರು ಕುಡಿದರೆ ಹೋಗಬೇಕಾಗುತ್ತದಲ್ಲ ಅಂತ ನೀರನ್ನೇ ಕುಡಿಯದೆ ಆಡುವ ಮಕ್ಕಳನ್ನು ಕಂಡಿದ್ದೇನೆ. ಈಗ ನಮ್ಮ ಶಾಲೆಯಲ್ಲಿ ಪಂದ್ಯ ಇದ್ದ ದಿನ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರಿಗೆ ಅದೇ ಕೆಲಸ: ಗೇಟಿನಲ್ಲಿ ನಿಂತು ಬಂದ ತಂಡವನ್ನು ಕರೆದುಕೊಂಡು ಹೋಗಿ ನಲ್ಲಿ ತೋರಿಸುವುದು, ಕೀಲಿಯನ್ನು ಆ ತಂಡದ ಮೇಡಂ ಕೈಗೇ ಕೊಡುವುದು.