ಪದ ಪರಿಚಯ: ಡೆಲ್ಫಿ ವಿಧಾನ

ಚಿಕ್ಕಬಳ್ಳಾಪುರ ಜಿಲ್ಲೆಯ ಯಾವುದೋ ಒಂದು ತಾಲ್ಲೂಕು ಆಸ್ಪತ್ರೆ ಅಂದುಕೊಳ್ಳಿ. ಸರಿಮಾಡಬೇಕಾದ್ದು ಬೇಕಾದಷ್ಟಿದೆ. ಓಪಿಡಿ ಕ್ಯೂ, ತಡವಾಗುವ ಲ್ಯಾಬ್ ರಿಪೋರ್ಟ್, ಬಾಗೇಪಲ್ಲಿ ಕಡೆಯವರಿಗೆ ಮಾತ್ರೆ ನುಂಗುವ ಕ್ರಮವನ್ನು ತೆಲುಗಿನಲ್ಲೂ ಹೇಳುವುದು, ಹೆರಿಗೆ ವಾರ್ಡಿನ ಫ್ರಿಜ್. 2013ರಲ್ಲಿ ಬಂದ ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಮಾನದಂಡದಲ್ಲಿ ಪ್ರತಿ ಅಂಶಕ್ಕೂ 0, 1 ಅಥವಾ 2 ಅಂಕ ಕೊಡುತ್ತಾರೆ. ಎಲ್ಲೆಲ್ಲಿ ಕೊರತೆ ಅನ್ನೋದು ಅದರಿಂದ ಗೊತ್ತಾಗುತ್ತದೆ. ಆದರೆ ಇರುವ ಜನ, ದುಡ್ಡಿನಲ್ಲಿ ಮೊದಲು ಯಾವುದಕ್ಕೆ ಕೈ ಹಾಕುವುದು?

ಮೀಟಿಂಗ್ ಕರೆದರೆ ಏನಾಗುತ್ತದೆ ಗೊತ್ತಲ್ವಾ? ಹಿರಿಯ ಡಾಕ್ಟರು ಒಂದು ಹೇಳುತ್ತಾರೆ, ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ.

ಇದನ್ನು ತಪ್ಪಿಸಲು ಇರುವ ದಾರಿಯೇ ಡೆಲ್ಫಿ ವಿಧಾನ. ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯಲ್ಲಿ ನಾರ್ಮನ್ ಡಾಲ್ಕಿ, ಓಲಾಫ್ ಹೆಲ್ಮರ್ 1950ರ ದಶಕದಲ್ಲಿ ಇದನ್ನು ರೂಪಿಸಿದರು. ಆಗ ಕೇಳಿದ ಪ್ರಶ್ನೆ ಅಣುಬಾಂಬಿನದು! ಆಸ್ಪತ್ರೆಗಳಿಗೆ ಬಂದದ್ದು ಆಮೇಲೆ.

ವಿಷಯ ಗೊತ್ತಿರುವ ಹತ್ತಾರು ಜನ ಒಬ್ಬರಿಗೊಬ್ಬರು ಕಾಣದಂತೆ ಪ್ರತಿ ಕೆಲಸಕ್ಕೂ ಅಂಕ ಕೊಡುತ್ತಾರೆ. ಸಾಮಾನ್ಯವಾಗಿ 1ರಿಂದ 9, 9 ಅಂದರೆ ಅತಿ ಮುಖ್ಯ. ಜೊತೆಗೆ ಕಾರಣವನ್ನೂ ಬರೆಯುತ್ತಾರೆ. ಅಂಕಗಳನ್ನು ಏರಿಕೆಯಲ್ಲಿ ಜೋಡಿಸಿ ಮಧ್ಯದ್ದನ್ನು ಆರಿಸಿ, ಕಾರಣಗಳ ಸಮೇತ, ಹೆಸರಿಲ್ಲದೆ ಎಲ್ಲರಿಗೂ ಕಳಿಸುತ್ತಾರೆ. ಅದನ್ನು ಓದಿ ಮತ್ತೊಮ್ಮೆ ಅಂಕ ಕೊಡಬೇಕು. ಎರಡು ಮೂರು ಸುತ್ತು ಸಾಕು.

ಆ ಫ್ರಿಜ್ಜನ್ನೇ ನೋಡಿ. ಮೊದಲ ಸುತ್ತಿನಲ್ಲಿ ಬಹಳ ಜನ 3 ಕೊಟ್ಟಿರಬಹುದು. ರಾತ್ರಿ ಪಾಳಿಯ ನರ್ಸ್ ಒಬ್ಬರು ಮಾತ್ರ 9 ಕೊಟ್ಟು ಹೀಗೆ ಬರೆದಿದ್ದಾರೆ: ಕರೆಂಟ್ ಹೋದರೆ ಫ್ರಿಜ್ ಬಿಸಿಯಾಗುತ್ತದೆ, ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಕೊಡುವ ಔಷಧಿ ಅದೇ. ಒಬ್ಬರ 9ರಿಂದ ಮಧ್ಯದ ಅಂಕ ಅಲುಗುವುದಿಲ್ಲ. ಅಲುಗಿಸುವುದು ಆ ಕಾರಣ. ಮೀಟಿಂಗಿನಲ್ಲಾಗಿದ್ದರೆ ಆಕೆ ಬಾಯಿ ಬಿಡುತ್ತಿದ್ದರೋ ಇಲ್ಲವೋ. ನನ್ನ ಲೆಕ್ಕದಲ್ಲಿ ಡೆಲ್ಫಿಯ ಬೆಲೆ ಇರುವುದು ಇಲ್ಲೇ, ಅಂಕಗಣಿತದಲ್ಲಿ ಅಲ್ಲ.

ಹಾಗಂತ ಎಲ್ಲದಕ್ಕೂ ಇದನ್ನೇ ಹಿಡಿಯಬೇಕಿಲ್ಲ. ಕ್ಯೂನಲ್ಲಿ ಎಷ್ಟು ಹೊತ್ತು ಕಾಯುತ್ತಾರೆ ಅನ್ನುವುದನ್ನು ಗಡಿಯಾರ ಹಿಡಿದೇ ಅಳೆಯಬಹುದು, ಅದಕ್ಕೆ ಯಾರ ಅಭಿಪ್ರಾಯವೂ ಬೇಡ. ಗುಂಪಿನಲ್ಲಿ ಬರೀ ಡಾಕ್ಟರುಗಳೇ ಇದ್ದರೆ ಫ್ರಿಜ್ಜಿನ ವಿಷಯ ಹೊರಗೇ ಬರುವುದಿಲ್ಲ. ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಸ್ವಚ್ಛತಾ ಸಿಬ್ಬಂದಿ ಎಲ್ಲರೂ ಇರಲಿ. ಇನ್ನು ಅಂಕಗಳನ್ನು ವಾಟ್ಸಾಪ್ ಗ್ರೂಪಿನಲ್ಲಿ ಕೇಳಲೇಬೇಡಿ, ಯಾರು ಎಷ್ಟು ಕೊಟ್ಟರು ಅಂತ ಅಲ್ಲಿ ಎಲ್ಲರಿಗೂ ಕಾಣುತ್ತದೆ.